ಡ್ರೈವರ್ ಕತೆ ಓದಿದ ಮೇಲೆ

ಭವ್ಯಾ,

ನೀನು ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ನಾನು ರಾಮಾಪುರದ ಬಸ್ಸು ಹತ್ತಿರುತ್ತೇನೆ. ನಿನಗಾಗಿ ಕಾದು ಕೂತರೆ ಮತ್ತೆ ಮನಸ್ಸು ಬದಲಾಗುತ್ತದೆ. ಗ್ಯಾಸ್ ಆಫ್ ಮಾಡಿದ್ದೇನೆ. ಮೂರು ಸಲ ನೋಡಿದೆ, ಆದರೂ ನೀನೊಮ್ಮೆ ನೋಡು.

ದಿನಾ ಫೋನಿಗೆ ಒಂದೊಂದು ಕತೆ ಕಳಿಸುವ ಆ ಮೆಸೇಜಿನವರಿಗೆ ನನ್ನ ನಂಬರ್ ಕೊಟ್ಟವಳು ನೀನೇ ಅಂತ ಗೊತ್ತು. ಮನಸ್ಸು ಸರಿಯಿಲ್ಲದವರಿಗೆ ಕಳಿಸುವ ಕತೆ ನನಗ್ಯಾಕೆ ಅಂತ ಸಿಟ್ಟು ಬಂದು, ದಿನಾ ಓದದೆ ಅಳಿಸುತ್ತಿದ್ದೆ. ನಿನ್ನೆಯದನ್ನು ಮಾತ್ರ ನಾಲ್ಕು ಸಲ ಓದಿದೆ. ಅಪಘಾತವಾದ ಮೇಲೆ ಸ್ಟೇರಿಂಗ್ ಮುಟ್ಟಲಾಗದೆ ಮನೆ ಹಿಡಿದ ಬಸ್ ಡ್ರೈವರ್ ಒಬ್ಬನ ಕತೆ. ಅವನ ಹೆಂಡತಿ, "ಓಡಿಸ್ಬ್ಯಾಡ ಕಣಪ್ಪ, ಸುಮ್ನೆ ಸೀಟಲ್ಲಿ ಕುಂತ್ಕಂಡು ಬಾ ಓಗು" ಅಂದಳಂತೆ. ಅವನು ಒಂದು ವಾರ ದಿನಾ ಹೋಗಿ ಬಸ್ಸಿನ ಸೀಟಿನಲ್ಲಿ ಬರೀ ಕುಳಿತು ಬಂದನಂತೆ.

ನನ್ನ ಜೊತೆ ಲೈನ್ ಕೆಲಸ ಮಾಡುತ್ತಿದ್ದ ಮಾದೇಶ ನನ್ನ ಕಣ್ಣೆದುರಿಗೇ ಕರೆಂಟ್ ಕಂಬದಿಂದ ಬಿದ್ದು ಸತ್ತು ಇವತ್ತಿಗೆ ನಲವತ್ತೊಂದು ದಿನ. ಅವತ್ತಿನಿಂದ ನಾನು ಕೆಲಸಕ್ಕೆ ಹೋಗಿಲ್ಲ. ನಾನು ಇವತ್ತು ಕಂಬ ಹತ್ತುವುದಿಲ್ಲ. ಹತ್ತುವವರಿಗೆ ಕೆಳಗೆ ನಿಂತು ಹಗ್ಗ ಹಿಡಿಯುತ್ತೇನೆ, ಅಷ್ಟೇ.

ರಾಮಾಪುರದ ಕರೆಂಟ್ ಆಫೀಸಿಗೆ ಫೋನ್ ಮಾಡಿ ವಿಚಾರಿಸಬೇಡ, ಹುಡುಗರು ನಗುತ್ತಾರೆ. ಮಧ್ಯಾಹ್ನಕ್ಕೇ ವಾಪಸ್ ಬಂದುಬಿಟ್ಟರೆ ಯಾಕೆ ಅಂತ ಕೇಳದೆ ಊಟಕ್ಕೆ ಹಾಕು. ನಾಳೆ ಮತ್ತೆ ಹೋಗುತ್ತೇನೆ.

ಕುಮಾರಸ್ವಾಮಿ