ನಳಿಗೆಯ ಬಾಯಿಗೆ ಕುಂಕುಮ

ಮೆಕಿನ್ನಿ,
ವಿಜಯದಶಮಿ

ಭಾವನವರಿಗೆ ಅನಸೂಯಳ ನಮಸ್ಕಾರ.

ಫೋನ್ ಮಾಡಿದರೆ ದನಿ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಗಳು ಇಂಚರಾಗೆ ಗುರಿ ಹೊಡೆಯುವುದನ್ನು ಕಲಿಸಲು ಚಿಕ್ಕ ಗುಂಡಿನ ರೈಫಲ್ ಬೇರೆಯೇ ಕೊಳ್ಳೋಣ ಎಂದಿದ್ದೆ. "ಸುಮ್ನೆ ಯಾಕಮ್ಮ ದಂಡ? ನನ್ನ ದೊಡ್ಡದಕ್ಕೇ ಕಿಟ್ ಹಾಕಿದ್ರಾಯ್ತು" ಎಂದು ನೀವು ನಿಮ್ಮೂರು ಸೀಡರ್ ಪಾರ್ಕಿನಿಂದ ನಿಮ್ಮದನ್ನೇ ತಂದುಕೊಟ್ಟಿರಿ. ಒಳಗೆ ಗುಂಡು ತಳ್ಳುವ ಬೋಲ್ಟ್ ಬದಲಿಸಿದರೆ ಚಿಕ್ಕ ಗುಂಡು, ಮತ್ತೆ ಬದಲಿಸಿದರೆ ದೊಡ್ಡದು. ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ.

ನಿನ್ನೆ ಆಯುಧಪೂಜೆಗೆ ಇವರು ಕಾರಿನ ಕೀ, ಲ್ಯಾಪ್‌ಟಾಪುಗಳ ಪಕ್ಕ ಅದನ್ನೂ ಇಟ್ಟರು. ಇಂಚರಾ ಬಗ್ಗಿ ನಳಿಗೆಯ ಬಾಯಿಗೇ ಕುಂಕುಮ ಹಚ್ಚಿದಳು. ನಾನು ಕಿರುಚಿದ್ದಕ್ಕೆ, "ಇಟ್ಸ್ ಜಸ್ಟ್ ದ ಬೇಬಿ ಗನ್, ಅಮ್ಮಾ" ಎಂದಳು. ಒಳಗೆ ಖಾಲಿ ಎಂದು ಇವರು ನಗುತ್ತಾ ಬೋಲ್ಟ್ ಎಳೆದು ತೋರಿಸಿದರು. ಬೆರಳುದ್ದದ ಗುಂಡು ಅಕ್ಷತೆ ತಟ್ಟೆಗೆ ಬಿತ್ತು. ಭಾನುವಾರ ದೊಡ್ಡ ಬೋಲ್ಟ್ ಹಾಕಿ ಹಾರಿಸಿ, ಉಳಿದ ಗುಂಡು ತೆಗೆಯಲು ಮರೆತಿದ್ದರಂತೆ. "ಸೇಫ್ಟಿ ಆನ್ ಇತ್ತು ಕಣೇ" ಎಂದು ಪಾಯಸ ಬಡಿಸಿಕೊಂಡರು. ಆ ಮುಖ ನೋಡಲೂ ನನಗೆ ಹೇಸಿಗೆಯಾಯಿತು.

ಶನಿವಾರ ಬಂದು ರೈಫಲ್ ಒಯ್ಯಿರಿ, ಕಿಟ್ಟಿನ ಡಬ್ಬಿಯನ್ನೂ. ಊಟಕ್ಕೆ ನಿಲ್ಲಿ ಎನ್ನುವುದಿಲ್ಲ.

ಆ ಕುಂಕುಮವನ್ನು ನಾನು ಒರೆಸಿಲ್ಲ. ಅದರಲ್ಲಿ ನಿಮ್ಮ ತಮ್ಮನ ಮಗಳ ಬೆರಳಿನ ಗುರುತಿದೆ. ನೀವೇ ಒರೆಸಿಕೊಳ್ಳಿ.

ಇಂತಿ,
ಅನಸೂಯ