ಮಗ್ಗದ ಗುಂಡಿಯಲ್ಲಿ ರೋಲರ್

ಏಪ್ರಿಲ್ ೬, ೧೯೦೯. ಮೊಳಕಾಲ್ಮೂರು

ಎಂಟು ಪುಟ ಅಚ್ಚುಮೊಳೆ ಜೋಡಿಸಿದೆ. ಬೆನ್ನು ಬಿದ್ದುಹೋಯಿತು. ಮಚಲೀಪಟ್ಟಣದಿಂದ ಅಚ್ಚಿನ ಯಂತ್ರ ತಂದು ಮೂರು ತಿಂಗಳು. ಇದೇ ಮೊದಲ ಪುಸ್ತಕ. ಚಳ್ಳಕೆರೆಯ ಕಂಬಳಿ ವ್ಯಾಪಾರಿ ಬೊಮ್ಮಲಿಂಗಪ್ಪನವರದು. ಅವರ ತಾಯಿ ಜೋಗಮ್ಮ ಹಾಡುವ ಸೋಬಾನೆ ಪದಗಳು. ಬೊಮ್ಮಲಿಂಗಪ್ಪನವರ ಮಗಳ ಮದುವೆಗೆ ಬಂದವರಿಗೆಲ್ಲ ತಾಂಬೂಲದ ಜೊತೆ ಒಂದು ಪ್ರತಿ. ಮದುವೆ ೨೮ಕ್ಕೆ. ತಪ್ಪಿದರೆ ಕೆಲಸ ಬಳ್ಳಾರಿಯ ಅಚ್ಚುಕೂಟಕ್ಕೆ, ನಾನು ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಅಲ್ಲಿ ಅಣ್ಣಂದಿರು ನಗಲು ಕಾದು ಕೂತಿದ್ದಾರೆ.

ಕೊನೆಯ ಪುಟಕ್ಕೆ ಮುದ್ರಕನ ಹೆಸರು. ‘ರತ್ನಂ’ ಜೋಡಿಸಿದೆ. ಜೊತೆಗೆ ಊರು ಬೇಕಲ್ಲ... ಬಿಟ್ಟುಬಂದದ್ದೋ, ಬಂದು ಸೇರಿದ್ದೋ? ಖಾಲಿ ಬಿಟ್ಟೆ.

ಏಪ್ರಿಲ್ ೯, ಮಧ್ಯಾಹ್ನ

ರೋಲರ್ ಕರಗಿತು! ಮಸಿ ಹಚ್ಚುವ ರೋಲರ್ — ಅಂಟು, ಬೆಲ್ಲ ಕಾಯಿಸಿ ನಾನೇ ಎರಕ ಹೊಯ್ದದ್ದು. ಕಡಲ ತೀರದ ಹದ ಈ ಬಿಸಿಲಿಗೆ ನಿಲ್ಲುತ್ತದೆಯೇ? ಹತ್ತು ಗಂಟೆಗೆಲ್ಲ ಪಾಯಸ. ಇರುವೆಗಳಿಗೆ ಮದುವೆಗೆ ಮುಂಚೆಯೇ ಮದುವೆಯೂಟ.

ಏಪ್ರಿಲ್ ೧೩

ಎರಡು ಹೊಸ ರೋಲರ್, ಬೆಲ್ಲ ಕಡಿಮೆ. ಅವೂ ಹನ್ನೊಂದಕ್ಕೆ ಮೆತ್ತಗಾಗತೊಡಗಿದವು. ಮನೆಯೊಡತಿ ಸೂರಮ್ಮಕ್ಕ ಒಳಗೆ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನನ್ನ ಮುಖ ನೋಡಿ ನಕ್ಕರು.

“ಬಿಸ್ಲಿಗೆ ರೇಷ್ಮೆ ಎಳೆ ಹರೀತಾವಂತ ಗುಂಡಿಗೆ ನೀರು ಚಿಮುಕ್ಸಿ ತಂಪು ಮಾಡೀನಿ. ನಿನ್ ಬೆಲ್ಲದ ಕೋಲೂ ಇಲ್ಲೇ ಇಳಿಬಿಡಪ್ಪ.”

ಒಂದು ರೋಲರ್ ಗುಂಡಿಯಲ್ಲಿ, ಒಂದು ಕೆಲಸದಲ್ಲಿ. ಅರ್ಧ ಗಂಟೆಗೊಮ್ಮೆ ಅದಲುಬದಲು. ಅಚ್ಚಾದ ಹಾಳೆಗಳು ಬೀಳುತ್ತಿವೆ! ಅಕ್ಕನ ಕಾಲಿಗೆ ಬೀಳೋಣ ಅನ್ನಿಸಿತು, ಕಾಲು ಗುಂಡಿಯಲ್ಲಿತ್ತು.

ಏಪ್ರಿಲ್ ೨೧

ಅಯ್ಯೋ. ಅವಸರಕ್ಕೆ ಮಸಿ ಒರೆಸದೆ ರೋಲರ್ ಇಳಿಸಿದ್ದೆ. ಎತ್ತುವಾಗ ಮಗ್ಗದ ಮೇಲಿದ್ದ ಸೀರೆಗೆ ತಗುಲಿತು. ಸೆರಗಿನ ತುದಿಯಲ್ಲಿ ಕಡಲೆಕಾಳಿನಷ್ಟು ಕಪ್ಪು. ಯಾವ ಸೀರೆ? ಬೊಮ್ಮಲಿಂಗಪ್ಪನವರ ಮಗಳ ಧಾರೆ ಸೀರೆ!

“ಎಲ್ಡು ತಿಂಗ್ಳ ಕೆಲ್ಸ ಕಣಪ್ಪ,” ಅಂದರು ಅಕ್ಕ. ಲಾಳಿ ಕೈಗೆತ್ತಿಕೊಂಡು, “ಇನ್ಮ್ಯಾಲೆ ಒರೆಸಿ ಇಳಿಸು.” ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ ೨೪

ಜೋಗಮ್ಮ ಚಳ್ಳಕೆರೆಯಿಂದ ಗಾಡಿ ಕಟ್ಟಿಸಿಕೊಂಡು ಬಂದರು, ಸೀರೆ, ಪುಸ್ತಕ ಎರಡನ್ನೂ ನೋಡಲು. ನಾನೇ ಕಲೆ ತೋರಿಸಿದೆ. “ತಪ್ಪು ನನ್ನದು, ಅಕ್ಕನದಲ್ಲ.”

ಅಜ್ಜಿ ಮಗ್ಗದ ಮೇಲೆ ಬಗ್ಗಿ ಸೆರಗನ್ನು ಹತ್ತಿರದಿಂದ ನೋಡಿದರು. “ಇಷ್ಟು ಚೆಂದದ ಸೀರೆ, ದೃಷ್ಟಿಬೊಟ್ಟು ಇಲ್ದೆ ಉಡ್ಸೋಕಾಗ್ತೈತಾ? ನಾನೇ ಕಾಡಿಗೆ ಇಡ್ಬೇಕಂತಿದ್ದೆ. ಕೆಲ್ಸ ಉಳೀತು ಬಿಡು!”

ಅಚ್ಚಾದ ಹಾಳೆ ಕೊಟ್ಟೆ. ತಲೆಕೆಳಗಾಗಿ ಹಿಡಿದು, ಒಂದು ನುಡಿಯೂ ತಪ್ಪದೆ ಹಾಡಿದರು. ನನಗೆ ಕಣ್ಣು ತುಂಬಿತು. ಹಾಡು ಮುಗಿಸಿ ಕೇಳಿದರು, “ಯಾವೂರಪ್ಪ ನಿಂದು?”

ಕೊನೆಯ ಪುಟದ ಖಾಲಿ ಜಾಗ ನೆನಪಾಯಿತು. ಸೂರಮ್ಮಕ್ಕ ಲಾಳಿ ನಿಲ್ಲಿಸದೆ ಹೇಳಿದರು: “ನಮ್ಮೂರೇ ಕಣವ್ವ. ನಮ್ ಮಗ್ಗದ ಗುಂಡೀಲಿ ಪಾಲು ತಗಂಡೋನು ಇನ್ನೆಲ್ಲಿಗೆ ಹೋಗ್ತಾನೆ?”

ಏಪ್ರಿಲ್ ೨೫, ಬೆಳಗ್ಗೆ

ಕೊನೆಯ ಹಾಳೆ. ನನ್ನ ಹೆಸರಿನ ಪಕ್ಕದ ಖಾಲಿ ಜಾಗಕ್ಕೆ ಮೊಳೆ ಆರಿಸುತ್ತಿದ್ದೇನೆ. ಮೊ... ಳ... ಕಾ...

ಅಕ್ಕ ಕೂಗುತ್ತಿದ್ದಾರೆ, ರೋಲರ್ ಎತ್ತಬೇಕಂತೆ. ಬಂದೆ ಅಕ್ಕಾ, ಒರೆಸಿಯೇ—