ಕ್ರಿಸ್ಪಿನ್ ಸಂತನ ದಿನದ ಕಷಾಯ

ಓತಿಲಿಯಾ,

ಸೂಲಗಿತ್ತಿ ಎವುಲಾಲಿಯಾರನ್ನು ಕರೆತರಲು ಹೋಗಿದ್ದೇನೆ. ಮತ್ತೆ ನೋವು ಬಂದರೆ ಪಕ್ಕದ ಮನೆಯವರನ್ನು ಕೂಗು.

ನಿನ್ನೆಯ ಚಕ್ಕೆ ಕಷಾಯಕ್ಕೆ ನಾನೇ ಸೊವಾಪಾತ್ಲೆ ಎಲೆ ಹಾಕಿದ್ದೆ. ಹೆರಿಗೆ ನೋವು ಹಿಡಿದ ಮೇಲಷ್ಟೇ, ಅದನ್ನು ಚುರುಕಾಗಿಸಲು ಕೊಡುವ ಎಲೆ ಅದು. ನಿನಗಿನ್ನೂ ಮೂರು ವಾರ ಬಾಕಿ. ನಿನ್ನೆ ಕ್ರಿಸ್ಪಿನ್ ಸಂತನ ದಿನ. ನಮ್ಮಲ್ಲಿ ಹುಟ್ಟಿದ ದಿನದ ಸಂತನ ಹೆಸರನ್ನೇ ಮಗುವಿಗೆ ಇಡುವುದಲ್ಲವೇ; ಅಂದೇ ಹುಟ್ಟಿದರೆ ತೀರಿಹೋದ ನಿನ್ನ ಮಾವನ ಹೆಸರೇ, ಕ್ರಿಸ್ಪಿನ್ ಎಂದೇ, ಬರುತ್ತದೆಂಬ ಆಸೆ ನನಗೆ.

ನೋವಿನಲ್ಲೂ ನೀನು, “ಅಯ್ಯೋ ಅತ್ತೆ, ತಮಾಲೆ ಕಡುಬು ಜಾಸ್ತಿ ತಿಂದ್ಬಿಟ್ಟೆ, ಹೊಟ್ಟೆಬಾಕಿ ನಾನು, ಬೈಬೇಡಿ” ಎಂದು ನಕ್ಕೆ. ನೋವು ತಾನಾಗಿ ನಿಂತಿದ್ದು ನಮ್ಮ ಪುಣ್ಯ. ನಿನ್ನ ಮುಖ ನೋಡಿ ಹೇಳಲಾಗದೆ ಬರೆಯುತ್ತಿದ್ದೇನೆ. ಎವುಲಾಲಿಯಾರಿಗೂ ಹೇಳುತ್ತೇನೆ.

ಒಲೆಯ ಮೇಲೆ ಬರೀ ನೀರಿಟ್ಟಿದ್ದೇನೆ. ಚಕ್ಕೆ ನೀನೇ ಹಾಕಿಕೊ.

ಮಗು ಯಾವತ್ತು ಬಂದರೂ ಹೆಸರು ನೀನೇ ಇಡು.

ಅತ್ತೆ